ಅಪ್‌ಡೇಟ್: ಸ್ಪ್ಯಾನಿಷ್‌ನ ಸೋಲಿನ ಪದಗಳು ಕೊನೆಗೂ ತಲೆಗೆ ಹತ್ತಿದ್ವು

ಹೋದ ವಾರ ಕೇಳಿದ್ನಲ್ಲ, ಸ್ಪ್ಯಾನಿಷ್‌ನಲ್ಲಿ ಸೋಲಿಗೆ ಪೆರ್ದೆರ್, ದೆರ್ರೋತಾ, ದೆರ್ರೊತಾರ್ ಅಂತೆಲ್ಲ ಇದೆ, ಯಾವುದು ಎಲ್ಲಿ ಅಂತ ನೆನಪಲ್ಲೇ ಉಳೀತಿಲ್ಲ ಅಂತ. ಫ್ಲ್ಯಾಶ್‌ಕಾರ್ಡ್ ಮಾಡ್ಕೊಳ್ಳಿ ಅಂದವರಿಗೆ ಥ್ಯಾಂಕ್ಸ್, ಆದ್ರೆ ನಂಗದು ಆಗ್ಲಿಲ್ಲ, ಮೂರನೇ ದಿನಕ್ಕೇ ಎಲ್ಲಾ ಕಲಸಿಹೋಯ್ತು.

ಕೆಲಸಕ್ಕೆ ಬಂದಿದ್ದು ಫುಟ್‌ಬಾಲ್ ಬಗ್ಗೆ ಓದಿ ಅಂದ ಸಲಹೆ. 1950ರ ವರ್ಲ್ಡ್ ಕಪ್‌ನಲ್ಲಿ ಉರುಗ್ವೆಯವರು ಬ್ರೆಜಿಲ್‌ನ ಅವರದ್ದೇ ಮರಕಾನಾ ಸ್ಟೇಡಿಯಂನಲ್ಲಿ 2-1ಕ್ಕೆ ಸೋಲಿಸಿದ್ರಲ್ಲ, ಅದಕ್ಕೆ ಮರಕಾನಾಸೊ ಅಂತಾನೇ ಹೆಸರು, ಅದನ್ನ ಓದ್ತಾ ಓದ್ತಾ ತಾನಾಗೇ ಬಿಡಿಸ್ಕೊಳ್ತು: ಬ್ರಸಿಲ್ ಪೆರ್ದಿಯೊ ಅಂದ್ರೆ ಬ್ರೆಜಿಲ್ ಸೋಲ್ತು, ಉರುಗ್ವಾಯ್ ದೆರ್ರೊತೊ ಆ ಬ್ರಸಿಲ್ ಅಂದ್ರೆ ಉರುಗ್ವೆ ಬ್ರೆಜಿಲ್‌ನ ಸೋಲಿಸ್ತು, ದೆರ್ರೋತಾ ಅಂದ್ರೆ ಸೋಲು.

ಆಶ್ಚರ್ಯ ಆಗಿದ್ದು ಇದು. ನಾವು ಮ್ಯಾಚ್ ಸೋತ್ವಿ, ಕೀ ಕಳ್ಕೊಂಡೆ, ಟ್ರೈನ್ ತಪ್ತು ಅಂತ ಬೇರೆ ಬೇರೆ ಹೇಳ್ತೀವಿ, ಅವರಿಗೆ ಮೂರಕ್ಕೂ ಪೆರ್ದೆರ್ ಒಂದೇ ಸಾಕು! ದೆರ್ರೋತಾಗೆ ಹಡಗು ಹೋಗೋ ದಾರಿ ಅನ್ನೋ ಅರ್ಥಾನೂ ಇದ್ಯಂತೆ.

ಒಂದು ಹುಷಾರು, 'ನಾನು ಸೋಲ್ತೀನಿ' ಪೆರ್ದೊ ಅಲ್ಲ, ಪಿಯೆರ್ದೊ, ಆದ್ರೆ 'ನಾವು' ಅಂದಾಗ ಪೆರ್ದೇಮೊಸ್. ಇದಿನ್ನೂ ಬಾಯಲ್ಲಿ ಕೂತಿಲ್ಲ, ದಿನಾ ಹೇಳ್ಕೊಳ್ತಿದೀನಿ.