ಅಪ್‌ಡೇಟ್: ಸಂಪಾಜೆ ಘಾಟಿಯಲ್ಲಿ ಬಿಸಿಯಾಗುತ್ತಿದ್ದ ಕಾರು, ವಾಟರ್ ಪಂಪೇ ಹೋಗಿತ್ತು

ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತೆ, ಕೂಲಂಟ್ (ಇಂಜಿನ್ ತಣಿಸುವ ದ್ರವ) ಕಮ್ಮಿಯಾಗುತ್ತೆ, ರೇಡಿಯೇಟರ್ ಬದಲಿಸಬೇಕಾ ಅಂತ ಕೇಳಿದ್ದೆ. ಬೇಕಾಗಲಿಲ್ಲ. ಕೂಲಂಟನ್ನು ಇಂಜಿನ್‌ನಲ್ಲಿ ಸುತ್ತಿಸುವ ವಾಟರ್ ಪಂಪಿನ ಶಾಫ್ಟ್‌ನ ಕೆಳಗಿರುವ ಸಣ್ಣ ತೂತಿನಿಂದ ಕೂಲಂಟ್ ಜಿನುಗಿ ಹಸಿರು ಉಪ್ಪಿನಂಥ ಹಕ್ಕಳೆ ಕಟ್ಟಿತ್ತು, ಪುಲ್ಲಿಯಲ್ಲೂ ಆಟ ಇತ್ತು. ಒಳಗಿನ ಸೀಲ್ ಹೋದ ಗುರುತು ಅದು. ತೂತಿಗೆ ಎಂ-ಸೀಲ್ ಮೆತ್ತಬೇಡಿ, ಸೋರಿದ ನೀರು ಬೇರಿಂಗ್‌ಗೆ ನುಗ್ಗುತ್ತೆ.

ಪಂಪ್ ನೀವೇ ಬದಲಿಸೋದಾದರೆ, ಮೊದಲು ಇಂಜಿನ್ ಪೂರ್ತಿ ತಣ್ಣಗಾಗಲಿ. ಬೆಲ್ಟ್ ಬಿಗಿ ಇರುವಾಗಲೇ ಪುಲ್ಲಿ ಬೋಲ್ಟ್ ಸಡಿಲಿಸಿ, ಆಮೇಲಾದರೆ ಪುಲ್ಲಿ ಜೊತೆಗೇ ತಿರುಗುತ್ತೆ. ಪಂಪಿನ ಬೋಲ್ಟ್‌ಗಳು ಒಂದೇ ಉದ್ದ ಇರಲ್ಲ. ರಟ್ಟಿನ ಮೇಲೆ ಪಂಪಿನ ಆಕಾರ ಬರೆದು ಆಯಾ ಜಾಗಕ್ಕೇ ಚುಚ್ಚಿಡಿ. ಹಳೇ ಗ್ಯಾಸ್ಕೆಟನ್ನು (ಪಂಪಿಗೂ ಇಂಜಿನ್‌ಗೂ ನಡುವೆ ಸೋರದಂತೆ ಇಡುವ ಪದರ) ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು, ಅಲ್ಲಿಂದಲೇ ಮತ್ತೆ ಸೋರಿಕೆ. ಹೊಸ ಪಂಪ್ ಕೂರಿಸುವಾಗ 6 ಎಂಎಂ ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತೋಟದ ಬಾವಿ ನೀರು ಬೇಡವೇ ಬೇಡ.

ಹೆಚ್ಚಿನವರು ಎಡವೋದು ಕೂಲಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯೋದರಲ್ಲಿ. ಮೂತಿ ಮೇಲಾಗುವ ಹಾಗೆ ಇಳಿಜಾರಲ್ಲಿ ನಿಲ್ಲಿಸಿ (ಕೊಡಗಿನಲ್ಲಿ ಅದಕ್ಕೇನು ಬರ!), ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರ್ ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಇಡಿ. ಗುಳ್ಳೆ ನಿಂತು ಹೀಟರ್‌ನಿಂದ ಬಿಸಿಗಾಳಿ ಬಂದರೆ ಗಾಳಿ ಹೋದ ಹಾಗೆ.

ಹಳೇ ಕೂಲಂಟನ್ನು ಡಬ್ಬಿಯಲ್ಲಿ ಮುಚ್ಚಿಡಿ. ಸಿಹಿ ಅಂತ ನಾಯಿ ನೆಕ್ಕುತ್ತೆ, ಅದು ವಿಷ. ನಿಮ್ಮ ಗಾಡಿಯ ಪಂಪ್ ಟೈಮಿಂಗ್ ಬೆಲ್ಟ್‌ನಿಂದ (ಇಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಬೆಲ್ಟ್) ತಿರುಗೋದಾದರೆ ಮಾತ್ರ ಇಷ್ಟಕ್ಕೆ ಮುಗಿಯಲ್ಲ. ಆ ಬೆಲ್ಟಿನ ಟೈಮಿಂಗ್ ಮಾರ್ಕ್ ಕೂಡಿಸಲು ಬರದಿದ್ದರೆ ಗ್ಯಾರೇಜೇ ಒಳ್ಳೇದು.