ಆಪರೇಷನ್‌ಗೆ ಮುಂಚಿನ ರೇಡಿಯೇಷನ್‌ಗೆ ಏನನ್ನೋಣ?

ಗೆಳೆಯರೇ,

ಗುದನಾಳದ ಕ್ಯಾನ್ಸರ್ ಇರುವವರಿಗೆಂದು ಬರೆದ ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ನಿಯೋಅಡ್ಜುವೆಂಟ್’ ಎಂಬ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಆಪರೇಷನ್‌ಗೆ ಮುಂಚೆ ಕೊಡುವ ರೇಡಿಯೇಷನ್, ಕೀಮೋಗೆ ವೈದ್ಯರು ಹೇಳುವ ಹೆಸರು ಇದು.

ಹಳೆಯ ಕರಡಿನಲ್ಲಿ ‘ನವಸಹಾಯಕ ಚಿಕಿತ್ಸೆ’ ಎಂದಿದೆ. ಬಿಡಿಸಿ ನೋಡಿದರೆ ತಪ್ಪೇನಿಲ್ಲ. ‘ನಿಯೋ’ ಗ್ರೀಕಿನ ಹೊಸದು, ‘ಅಡ್ಜುವೆಂಟ್’ ಲ್ಯಾಟಿನ್ನಿನ ನೆರವು. ಆದರೆ ‘ಮುಂಚೆ’ ಅನ್ನುವ ಅರ್ಥ ಮೂಲದಲ್ಲೇ ಇಲ್ಲವಲ್ಲ! ಆಪರೇಷನ್ ಆದಮೇಲಿನ ನೆರವಿಗೆ ಇದ್ದ ಹೆಸರಿಗೆ ‘ಹೊಸ’ ಅಂತ ಅಂಟಿಸಿದ್ದಾರೆ, ಅಷ್ಟೇ. ಅದನ್ನು ನಾವು ಅಕ್ಷರಕ್ಕಕ್ಷರ ಹೊತ್ತು ತರಬೇಕೇ?

‘ಪೂರ್ವಭಾವಿ’ ಹಾಕಿ ಎಂದರು ಒಬ್ಬರು. ನನಗೆ ಪೂರ್ವಭಾವಿ ಸಭೆ ನೆನಪಾಗುತ್ತದೆ. ಓದಿದವರು ‘ಇದು ಸುಮ್ನೆ ತಯಾರಿ, ಅಸಲಿ ಚಿಕಿತ್ಸೆ ಆಮೇಲೆ’ ಅಂದುಕೊಂಡರೆ ಕಷ್ಟ. 2004ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಕೀಮೋ ಜೊತೆಗಿನ ರೇಡಿಯೇಷನ್ನನ್ನು ಮುಂಚೆ ಪಡೆದವರಲ್ಲಿ 5 ವರ್ಷದೊಳಗೆ ರೋಗ ಅದೇ ಜಾಗದಲ್ಲಿ ಮರಳಿದ್ದು ಶೇ. 6, ಆಪರೇಷನ್ ಆದಮೇಲೆ ಪಡೆಯುವ ಗುಂಪಿನಲ್ಲಿ ಶೇ. 13. ಬದುಕುಳಿದವರ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇತ್ತು, ನಿಜ. ಆದರೂ ಇದನ್ನು ತಯಾರಿ ಅನ್ನುವಂತಿಲ್ಲ.

ನಮ್ಮಲ್ಲಿ ಮುನ್ನುಡಿ, ಹಿನ್ನುಡಿ ಇವೆ. ಅದೇ ದಾರಿಯಲ್ಲಿ ‘ಮುಂಚಿಕಿತ್ಸೆ’ ಆಗಬಹುದೇ? ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಅಂತ ಬೈಯಬೇಡಿ, ‘ಮುನ್ಸೂಚನೆ’ಯನ್ನು ದಿನಾ ಬಳಸುತ್ತೇವೆ. ತೊಂದರೆ ಇದರ ಜೋಡಿಯದ್ದು, ಅಂದರೆ ಆಪರೇಷನ್ ಆದಮೇಲಿನ ಚಿಕಿತ್ಸೆಗೆ ಬೇಕಾದ ಪದದ್ದು. ‘ಹಿಂಚಿಕಿತ್ಸೆ’ ಎಂದರೆ ಕಿವಿಗೆ ‘ಹಿಂಸೆ’ ಬೀಳುತ್ತದೆ! ಹಾಗಾಗಿ ಸದ್ಯಕ್ಕೆ ‘ಆಪರೇಷನ್‌ಗೆ ಮುಂಚಿನ ಚಿಕಿತ್ಸೆ’ ಎಂದು ಬಿಡಿಸಿಯೇ ಬರೆದಿದ್ದೇನೆ. ಉದ್ದವಾಯಿತು, ಆದರೆ ಯಾರಿಗೂ ಗೊಂದಲವಿಲ್ಲ.

ಗುದನಾಳದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಮಾತಿನಲ್ಲಿ ಎಲ್ಲವೂ ‘ದೊಡ್ಡ ಕರುಳಿನ ಕ್ಯಾನ್ಸರ್’ ಆಗಿಬಿಡುತ್ತದೆ. ಮೇಲಿನ ದೊಡ್ಡ ಕರುಳಿನ ಗಡ್ಡೆಗೆ ಸಾಮಾನ್ಯವಾಗಿ ರೇಡಿಯೇಷನ್ ಕೊಡುವುದಿಲ್ಲ. ಗುದನಾಳ ಕರುಳಿನ ಕೊನೆಯ ಸುಮಾರು 12ರಿಂದ 15 ಸೆಂಟಿಮೀಟರ್. ಸೊಂಟದ ಮೂಳೆಗಳ ನಡುವೆ, ಹೆಚ್ಚು ಅಲ್ಲಾಡದೆ ಕೂತಿರುತ್ತದೆ. ಅಲ್ಲಿ ಸುತ್ತಲಿನ ಕೊಬ್ಬಿನ ಸಮೇತ ಗಡ್ಡೆಯನ್ನು ಪೂರ್ತಿ ತೆಗೆಯಲು ಜಾಗ ಕಡಿಮೆ. ಅದಕ್ಕೇ ಮುಂಚಿನ ರೇಡಿಯೇಷನ್. ಇನ್ನು ‘ಗುದದ ಕ್ಯಾನ್ಸರ್’ ಎಂದು ಬರೆದರೆ ಅದು ಮಲದ್ವಾರದ್ದಾಗುತ್ತದೆ. ಅದಕ್ಕೆ ಬಹುಪಾಲು ಕೀಮೋ, ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ಒಂದು ‘ನಾಳ’ ಬಿಟ್ಟರೆ ಚಿಕಿತ್ಸೆಯೇ ಬದಲು!

ಈ ರೇಡಿಯೇಷನ್ನನ್ನು ಕಡಿಮೆ ದಿನಗಳಲ್ಲಿ ಮುಗಿಸುವ ‘ಶಾರ್ಟ್ ಕೋರ್ಸ್’ ಅನ್ನು ‘ಸಣ್ಣ ಕೋರ್ಸ್’ ಎಂದರೆ ಡೋಸ್ ಕಡಿಮೆ ಅನ್ನಿಸುತ್ತದೆ ಅಲ್ವಾ? ದಿನದ ಲೆಕ್ಕದಲ್ಲಿ ಅದೇ ಜಾಸ್ತಿ: ದಿನಕ್ಕೆ 5 ಗ್ರೇ (ರೇಡಿಯೇಷನ್ ಡೋಸಿನ ಅಳತೆ), 5 ದಿನ. ಲಾಂಗ್ ಕೋರ್ಸ್‌ನಲ್ಲಿ ದಿನಕ್ಕೆ 1.8ರಿಂದ 2 ಗ್ರೇ, ಐದು ವಾರ ಅಥವಾ ಸ್ವಲ್ಪ ಹೆಚ್ಚು. ‘ಐದು ದಿನದ್ದು’, ‘ಐದು ವಾರದ್ದು’ ಎಂದು ಬರೆದುಬಿಟ್ಟೆ. ‘ಕರೆಂಟ್ ಕೊಡೋದು’ ಎಂಬ ಆಡುಮಾತನ್ನು ಬಿಟ್ಟಿದ್ದೇನೆ. ಜನ ಶಾಕ್ ಹೊಡೆಯುತ್ತದೆಂದು ಹೆದರುತ್ತಾರೆ. ಕಿರಣ ಬೀಳುವಾಗ ಏನೂ ಗೊತ್ತಾಗುವುದಿಲ್ಲ.

ಈಗ ನಿಮ್ಮನ್ನು ಕೇಳಬೇಕಾದ್ದು. ರೇಡಿಯೇಷನ್ನಿಂದ ಗಡ್ಡೆ ‘ಕರಗುತ್ತದೆ’ ಎನ್ನಲೇ, ‘ಕುಗ್ಗುತ್ತದೆ’ ಎನ್ನಲೇ? ಜನರ ಬಾಯಲ್ಲಿ ಇರುವುದು ‘ಕರಗೋದು’. ಆದರೆ ಬೆಲ್ಲ ಕರಗಿದರೆ ಏನೂ ಉಳಿಯುವುದಿಲ್ಲ. ಕೆಲವರಲ್ಲಿ ಗಡ್ಡೆ ಪೂರ್ತಿ ಕಾಣದಂತಾಗುವುದೂ ಉಂಟು. ಆಗ ಆಪರೇಷನ್ ಮಾಡದೆ, ಪದೇ ಪದೇ ಪರೀಕ್ಷಿಸುತ್ತಾ ಕಾಯುವ ಕ್ರಮವೂ ಇದೆ. ಹೆಚ್ಚಿನವರಲ್ಲಿ ಆಗುವುದು ಕುಗ್ಗುವುದೇ. ‘ಕರಗಿತು, ಇನ್ನು ಆಪರೇಷನ್ ಯಾಕೆ’ ಎಂದು ಯಾರಾದರೂ ಮನೆಯಲ್ಲೇ ಉಳಿದುಬಿಟ್ಟರೆ? ಆದರೆ ‘ಕುಗ್ಗು’ ಎಂದರೆ ನನ್ನ ಕಿವಿಗೆ ಮನುಷ್ಯ ಕುಗ್ಗಿದಂತೆ ಕೇಳುತ್ತದೆ. ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.