ಸಣ್ಣ ಕಾಲೇಜಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಕೋಚ್ ಯಾರು, ಯಾವುದನ್ನು ನೋಡಿ ಹೇಳೋದು?

ಕಲಬುರಗಿ_ಸಂಜೆಕೋರ್ಟ್

ಎಲ್ಲರಿಗೂ ನಮಸ್ಕಾರ. ನಿನ್ನೆ ಪ್ರಾಕ್ಟೀಸ್ ಮುಗಿಸಿ ಜಗತ್ ಸರ್ಕಲ್ ಹತ್ತಿರ ಚಹಾ ಕುಡಿಯುತ್ತಾ ನಿಂತಾಗ ಶುರುವಾದ ವಾದ ರಾತ್ರಿ ಹತ್ತಾದರೂ ಮುಗಿಯಲಿಲ್ಲ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ಯೂಕ್, ಕೆಂಟಕಿ, ಕ್ಯಾನ್ಸಸ್ ಥರದ ದೊಡ್ಡ ಮನೆತನಗಳನ್ನು ಪಕ್ಕಕ್ಕಿಡಿ. ಸಣ್ಣ ಕಾಲೇಜುಗಳಲ್ಲಿ ದುಡಿದವರಲ್ಲಿ ಎಲ್ಲರಿಗಿಂತ ದೊಡ್ಡ ಕೋಚ್ ಯಾರು? ಅಳೆಯೋದು ಹೇಗೆ? ಒಬ್ಬ ಗೆಳೆಯ ಒಟ್ಟು ಗೆಲುವು ಎಣಿಸಿದರೆ ಸಾಕು ಅಂದ. ಇನ್ನೊಬ್ಬ ಎನ್‌ಸಿಎಎ ಟೂರ್ನಿಯಲ್ಲಿ, ಅಂದ್ರೆ ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಲ್ಲಿ, ಎಷ್ಟು ದೂರ ಹೋದರು ಅನ್ನೋದೇ ಲೆಕ್ಕ ಅಂದ. ಅವನಿಗೆ ಬಟ್ಲರ್‌ನ ಬ್ರಾಡ್ ಸ್ಟೀವನ್ಸ್ ಅಂದ್ರೆ ಪ್ರಾಣ. 2010, 2011, ಸತತ ಎರಡು ಫೈನಲ್. ಮೊದಲನೆಯದರಲ್ಲಿ ಡ್ಯೂಕ್ ಎದುರು ಸೋತಿದ್ದು ಬರೀ 61-59ರಲ್ಲಿ.

ನನ್ನ ಮತ ಡೇವಿಡ್‌ಸನ್‌ನ ಬಾಬ್ ಮೆಕಿಲಪ್‌ಗೆ. ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಕಾಲೇಜು ಅದು. 1989ರಲ್ಲಿ ಬಂದರು, ಮೊದಲ ವರ್ಷ 4 ಗೆಲುವು, 24 ಸೋಲು. ಆದರೂ 2022ರವರೆಗೆ ಅಲ್ಲೇ ಇದ್ದರು. ಮುಂದೆ ಎನ್‌ಬಿಎ ವೃತ್ತಿಪರ ಲೀಗಿನ ತಾರೆಯಾದ ಸ್ಟೀಫನ್ ಕರಿ ಸಣಕಲು ಹುಡುಗ ಅಂತ ದೊಡ್ಡವರು ಯಾರೂ ಸ್ಕಾಲರ್‌ಶಿಪ್ ಕೊಡಲಿಲ್ಲ, ಅವನ ಅಪ್ಪ ಆಡಿದ ವರ್ಜೀನಿಯಾ ಟೆಕ್ ಕೂಡ ಕೊಡಲಿಲ್ಲ. ಮೆಕಿಲಪ್ ಕೊಟ್ಟರು. ಕಾಲೇಜಿನ ಮೊದಲ ಮ್ಯಾಚಿನಲ್ಲೇ ಆ ಹುಡುಗ 13 ಸಲ ಬಾಲ್ ಕಳೆದುಕೊಂಡ. ಹದಿಮೂರು! ನಾನಾಗಿದ್ದರೆ ಬೆಂಚಿನಲ್ಲಿ ಕೂರಿಸುತ್ತಿದ್ದೆ. ಅವರು ಕೂರಿಸಲಿಲ್ಲ. ಮುಂದಿನ ಮ್ಯಾಚಿನಲ್ಲಿ ಮಿಶಿಗನ್ ಎದುರು ಅವನು 32 ಪಾಯಿಂಟ್ ಹೊಡೆದ. 2008ರ ಎನ್‌ಸಿಎಎ ಟೂರ್ನಿಯಲ್ಲಿ ಇದೇ ಟೀಮು ಗೊನ್ಝಾಗಾ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಮೂರನ್ನೂ ಸೋಲಿಸಿತು. ಕೊನೆಗೆ ಕ್ಯಾನ್ಸಸ್ ಎದುರು ಎರಡೇ ಪಾಯಿಂಟಿನಲ್ಲಿ ಸೋತಿತು.

ನಿಮ್ಮ ಅಭಿಪ್ರಾಯ ಹೇಳಿ. ಸುಮ್ನೆ ಹೆಸರು ಹಾಕಬೇಡಿ, ಯಾಕೆ ಅಂತಲೂ ಬರೆಯಿರಿ.

ಬೀದರ್_ಪಿಡಿ

ತಮ್ಮಾ, ಗೆಲುವು ಎಣಿಸುವ ಗೆಳೆಯನಿಗೆ ಮೊದಲು ಒಂದು ಮಾತು. ಹರ್ಬ್ ಮಗೀ ಫಿಲಡೆಲ್ಫಿಯಾದ ಒಂದೇ ಕಾಲೇಜಿನಲ್ಲಿ ಸಾವಿರಕ್ಕೂ ಜಾಸ್ತಿ ಗೆದ್ದರು. ಆದರೆ ಅದು ಡಿವಿಜನ್ 2, ಅಂದ್ರೆ ಎರಡನೇ ಹಂತ. ಮೌಂಟ್ ಸೇಂಟ್ ಮೇರೀಸ್‌ನ ಜಿಮ್ ಫೆಲನ್ 49 ವರ್ಷದಲ್ಲಿ 830 ಗೆದ್ದರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕೆಳಗಿನ ಹಂತ, ಆಮೇಲೆ ಡಿವಿಜನ್ 1. ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗೋದು ಹೇಗೆ? ತಾಲೂಕು ಮಟ್ಟದ ಗೆಲುವನ್ನೂ ರಾಜ್ಯ ಮಟ್ಟದ ಗೆಲುವನ್ನೂ ಕೂಡಿಸಿದ ಹಾಗಾಗುತ್ತೆ.

ನಾನು ನೋಡೋದು ಒಂದೇ. ಕೈಯಲ್ಲಿದ್ದ ಹುಡುಗರಿಗೆ ತಕ್ಕ ಆಟ ಕಟ್ಟಿದರಾ ಇಲ್ವಾ? ಹಾಗೆ ನೋಡಿದರೆ ಪ್ರಿನ್ಸ್‌ಟನ್‌ನ ಪೀಟ್ ಕ್ಯಾರಿಲ್. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ, ಓದಿನಲ್ಲೂ ಮುಂದಿರಬೇಕು. ಎತ್ತರದ, ವೇಗದ ಹುಡುಗರು ಬೇರೆ ಕಡೆ ಹೋಗುತ್ತಾರೆ. ಹಾಗಾಗಿ ಐದೂ ಜನ ಪಾಸ್ ಮಾಡಬೇಕು, ಐದೂ ಜನ ಶೂಟ್ ಮಾಡಬೇಕು, ನಿಧಾನಕ್ಕೆ ಆಡಿ ಎದುರಾಳಿಯ ತಾಳ್ಮೆ ಕೆಡಿಸಬೇಕು.

1996ರ ಮಾರ್ಚ್‌ನ ಮ್ಯಾಚ್ ಯೂಟ್ಯೂಬಿನಲ್ಲಿ ನೋಡಿ. ಎದುರು ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ. ಕೊನೆಯ ಆರು ನಿಮಿಷ ಇರುವಾಗ 41-34ರಲ್ಲಿ ಮುಂದಿದ್ದ ಯುಸಿಎಲ್‌ಎಗೆ ಆಮೇಲೆ ಒಂದು ಪಾಯಿಂಟೂ ಸಿಗಲಿಲ್ಲ. 41-41 ಆಯಿತು. ಪ್ರಿನ್ಸ್‌ಟನ್‌ನ ಸೆಂಟರ್ ಸ್ಟೀವ್ ಗುಡ್ರಿಚ್ ಬ್ಯಾಸ್ಕೆಟ್‌ನಿಂದ ದೂರ ನಿಂತು ಬಾಲ್ ಹಿಡಿದಿದ್ದಾನೆ. ಮೊದಲ ವರ್ಷದ ಹುಡುಗ ಗೇಬ್ ಲೆವುಲಿಸ್ ಒಮ್ಮೆ ಒಳಗೆ ಓಡಿದ, ಪಾಸ್ ಬರಲಿಲ್ಲ, ಹೊರಗೆ ಬಂದ. ಡಿಫೆಂಡರ್ ಪಾಸ್ ತಡೆಯೋಕೆ ಮುಂದೆ ಬಂದ. ಅಷ್ಟೇ ಸಾಕಾಯಿತು. ಲೆವುಲಿಸ್ ಅವನ ಬೆನ್ನ ಹಿಂದಿನಿಂದ ಮತ್ತೆ ಒಳಗೆ ಓಡಿದ (ಇದಕ್ಕೇ ಬ್ಯಾಕ್‌ಡೋರ್ ಕಟ್ ಅನ್ನೋದು), ಬಾಲ್ ನೆಲಕ್ಕೆ ಪುಟಿದು ಕೈಗೆ ಬಂತು, ಬೋರ್ಡಿಗೆ ತಾಗಿಸಿ ಹಾಕಿದ. 43-41. ಎದುರಿಗಿದ್ದವರಿಗೆ ಈ ಕಟ್ ಬರುತ್ತೆ ಅಂತ ಗೊತ್ತಿತ್ತು, ಆದರೂ ತಡೆಯೋಕೆ ಆಗಲಿಲ್ಲ. ನಾನು ಮೂವತ್ತು ಸಲವಾದರೂ ನೋಡಿದ್ದೇನೆ. ನಮ್ಮ ಟೀಮಿನಲ್ಲಿ ಆರಡಿ ದಾಟಿದವನು ಒಬ್ಬನೇ. ಅದಕ್ಕೇ ವಾರಕ್ಕೆ ಎರಡು ದಿನ ಹುಡುಗರಿಗೆ ಈ ಒಂದು ಕಟ್ ಮಾತ್ರ ಮಾಡಿಸುತ್ತೇನೆ.

ಯಾದಗಿರಿ_ಗಾರ್ಡ್_7

ಸರ್, ಅಣ್ಣಾ, ಇಬ್ಬರದೂ ಓದಿದೆ. ನೀವು ಹೇಳಿದ್ದು ಪೂರ್ತಿ ಗಂಡಸರ ಟೀಮುಗಳ ಬಗ್ಗೆಯೇ ಅಲ್ವಾ? ಕ್ಯಾಥಿ ರಶ್ ಹೆಸರು ಯಾಕೆ ಬರಲಿಲ್ಲ?

ಇಮ್ಯಾಕ್ಯುಲೇಟಾ ಅಂತ ಫಿಲಡೆಲ್ಫಿಯಾ ಹತ್ತಿರ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸಣ್ಣ ಮಹಿಳಾ ಕಾಲೇಜು. ಜಿಮ್ ಬೆಂಕಿಗೆ ಸುಟ್ಟುಹೋಗಿತ್ತು, ಆಡೋಕೆ ಸ್ವಂತ ಕೋರ್ಟೇ ಇರಲಿಲ್ಲ. ರಶ್ ಸೇರಿದಾಗ ವರ್ಷದ ಸಂಬಳ 450 ಡಾಲರ್. 1972ರಲ್ಲಿ ಮಹಿಳೆಯರ ಮೊದಲ ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾದಾಗ ಹೋಗೋಕೆ ದುಡ್ಡಿಲ್ಲ. ಹುಡುಗಿಯರು ಹಲ್ಲುಜ್ಜುವ ಬ್ರಷ್ ಮಾರಿ ದುಡ್ಡು ಕೂಡಿಸಿದರು, ಆದರೂ ವಿಮಾನ ಹತ್ತಿದ್ದು ಎಂಟೇ ಜನ. ಕೆಲವೇ ದಿನ ಮುಂಚೆ ವೆಸ್ಟ್ ಚೆಸ್ಟರ್ ಎದುರು 32 ಪಾಯಿಂಟಿನಿಂದ ಸೋತಿದ್ದವರು ಫೈನಲ್‌ನಲ್ಲಿ ಅದೇ ವೆಸ್ಟ್ ಚೆಸ್ಟರನ್ನು 52-48ರಲ್ಲಿ ಸೋಲಿಸಿದರು. 1973, 1974ರಲ್ಲೂ ಅವರೇ ಚಾಂಪಿಯನ್. ಗ್ಯಾಲರಿಯಲ್ಲಿ ಸಿಸ್ಟರ್‌ಗಳು ಬಕೆಟ್ ಬಡಿದು ಕೂಗುತ್ತಿದ್ದರು.

ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ನಾನು ಡಿಗ್ರಿಯಲ್ಲಿದ್ದಾಗ ಹುಡುಗರ ಟೀಮಿಗೆ ಬಸ್ ಚಾರ್ಜು ಸಿಕ್ಕಿತು, ನಮಗೆ ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ನಮ್ಮಲ್ಲಿ ಮೂವರಿಗೆ ಮದುವೆ ಆಗಿತ್ತು, ಟೀಮೇ ಇರಲಿಲ್ಲ. ಹಾಗಾಗಿ ನನ್ನ ಅಳತೆ ಬೇರೆ. ಏನೂ ಇಲ್ಲದ ಕಡೆ ಟೀಮು ಒಡೆಯದ ಹಾಗೆ ಹಿಡಿದಿಟ್ಟು, ಆಮೇಲೆ ಗೆಲ್ಲಿಸೋದು. ಮೆಕಿಲಪ್, ಕ್ಯಾರಿಲ್ ಇಬ್ಬರಿಗೂ ಕೋರ್ಟ್ ಇತ್ತು.

ಶಹಾಪುರ_ರೀಬೌಂಡ್

ಅಕ್ಕಾ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಮಾರ್ಕ್ ಫ್ಯೂ ಅಂತ ಬರೆಯೋಕೆ ಬಂದಿದ್ದೆ. 1999ರಿಂದ ಗೊನ್ಝಾಗಾದಲ್ಲಿ ಇದ್ದಾರೆ, 2017, 2021 ಎರಡು ಫೈನಲ್. ಆದರೆ ಈಗ ಅದನ್ನು ಸಣ್ಣ ಟೀಮು ಅನ್ನೋಕೆ ಆಗಲ್ಲ, ದೊಡ್ಡದು ಮಾಡಿದ್ದೇ ಅವರು ಅನ್ನೋದೂ ನಿಜ.

ನನ್ನ ಪಟ್ಟಿಯಲ್ಲಿ ಜಾನ್ ಮೆಕ್ಲೆಂಡನ್ ಇರಲೇಬೇಕು. ಆಟ ಕಂಡುಹಿಡಿದ ಜೇಮ್ಸ್ ನೇಸ್ಮಿತ್ ಹತ್ತಿರವೇ ಕ್ಯಾನ್ಸಸ್‌ನಲ್ಲಿ ಕಲಿತರು, ಕಪ್ಪು ವರ್ಣದವರು ಅಂತ ಅಲ್ಲಿನ ಟೀಮಿನಲ್ಲಿ ಆಡೋಕೆ ಬಿಡಲಿಲ್ಲ. 1944ರ ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ, ಊರೆಲ್ಲ ಚರ್ಚಿನಲ್ಲಿದ್ದಾಗ, ನಾರ್ತ್ ಕ್ಯಾರೊಲಿನಾದ ಡರಮ್‌ನಲ್ಲಿ ಬಾಗಿಲು ಹಾಕಿಕೊಂಡು, ಅವರು ಕೋಚ್ ಆಗಿದ್ದ ಕಪ್ಪು ವರ್ಣದವರ ಕಾಲೇಜಿನ ಹುಡುಗರು ಡ್ಯೂಕ್ ಮೆಡಿಕಲ್ ಸ್ಕೂಲಿನ ಬಿಳಿಯರ ಟೀಮಿನ ಜೊತೆ ಆಡಿದರು. ಕಾನೂನು ಪ್ರಕಾರ ಆಗ ಅದು ತಪ್ಪು. 88-44ರಲ್ಲಿ ಗೆದ್ದರು. ಆಮೇಲೆ ಎರಡೂ ಟೀಮು ಬೆರೆಸಿ ಇನ್ನೊಂದು ಆಟ ಆಡಿದರು. ಮುಂದೆ ಕಪ್ಪು ವರ್ಣದವರದೇ ಕಾಲೇಜಾದ ಟೆನೆಸಿ ಎ ಅಂಡ್ ಐಗೆ 1957, 58, 59 ಸತತ ಮೂರು ಎನ್‌ಎಐಎ (ಸಣ್ಣ ಕಾಲೇಜುಗಳ ಸಂಘ) ಚಾಂಪಿಯನ್‌ಶಿಪ್ ತಂದರು. ಇವತ್ತು ಎಲ್ಲರೂ ಆಡುವ ಫಾಸ್ಟ್ ಬ್ರೇಕನ್ನು, ಅಂದ್ರೆ ಬಾಲ್ ಸಿಕ್ಕ ಕೂಡಲೇ ಎದುರಾಳಿ ಸಜ್ಜಾಗುವ ಮೊದಲೇ ಓಡಿ ದಾಳಿ ಮಾಡೋದನ್ನು, ಬೆಳೆಸಿದವರಲ್ಲಿ ಇವರು ಮುಖ್ಯ.

ಯುಸಿಎಲ್‌ಎ ಜೊತೆ ಆಡುವ ಅವಕಾಶವೇ ಇಲ್ಲದವರನ್ನು ಯುಸಿಎಲ್‌ಎ ಸೋಲಿಸಿದವರ ಜೊತೆ ಹೇಗೆ ಹೋಲಿಸೋದು, ಬೀದರ್ ಸರ್?

ಬೀದರ್_ಪಿಡಿ

ಹೋಲಿಸೋಕೆ ಬರಲ್ಲ ತಮ್ಮಾ, ನಿನ್ನ ಮಾತು ಸರಿ. ಕೈಯಲ್ಲಿದ್ದ ಹುಡುಗರಿಗೆ ತಕ್ಕ ಆಟ ಅಂತ ನಾನು ಬರೆದೆ. ಎದುರು ಯಾರು ಆಡೋಕೆ ಒಪ್ಪುತ್ತಿದ್ದರು ಅನ್ನೋದನ್ನು ಯೋಚಿಸಿರಲಿಲ್ಲ. ಕ್ಯಾರಿಲ್ ನನಗೆ ಈಗಲೂ ಮೇಲೆ, ಆದರೆ ಮೆಕ್ಲೆಂಡನ್ ಬಗ್ಗೆ ಇನ್ನೂ ಓದಬೇಕು.

ಕಲಬುರಗಿ_ಸಂಜೆಕೋರ್ಟ್

ಎಲ್ಲರಿಗೂ ಥ್ಯಾಂಕ್ಸ್. ಯಾದಗಿರಿ ತಂಗಿ ಬರೆದದ್ದನ್ನು ಚಹಾ ಅಂಗಡಿಯಲ್ಲಿ ಫೋನ್ ಹಿಡಿದು ಜೋರಾಗಿ ಓದಿದೆ. ಸ್ಟೀವನ್ಸ್ ಅಂತಿದ್ದ ಗೆಳೆಯ ಸುಮ್ಮನಾದ. ನಾನು ಮೆಕಿಲಪ್ ಬಿಟ್ಟುಕೊಡಲ್ಲ, ಆದರೆ ರಶ್ ಅವರ ಕೆಳಗೆ ಇಡುತ್ತೇನೆ. ಕೋರ್ಟ್ ಇಲ್ಲದೆ ಮೂರು ಚಾಂಪಿಯನ್‌ಶಿಪ್ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಮ್ಮ ಕೋರ್ಟಿಗೆ ಸಂಜೆ ಐದು ಹುಡುಗಿಯರು ಬರುತ್ತಾರೆ, ಹುಡುಗರ ಆಟ ಮುಗಿಯುವ ತನಕ ಗೋಡೆ ಹತ್ತಿರ ಕಾಯುತ್ತಾರೆ. ನಾಳೆಯಿಂದ ಐದೂವರೆಗೆ ಮೊದಲು ಅವರೇ ಆಡಲಿ ಅಂತ ಹುಡುಗರಿಗೆ ಹೇಳಿದ್ದೇನೆ. ಬೀದರ್ ಸರ್, ಆ ಬ್ಯಾಕ್‌ಡೋರ್ ಕಟ್ ಐದೇ ಜನ ಇದ್ದರೆ ಹೇಗೆ ಮಾಡಿಸೋದು? ಡಿಫೆಂಡರ್ ಜಾಗಕ್ಕೆ ಕುರ್ಚಿ ಇಟ್ಟರೆ ಆಗುತ್ತಾ?